ಅನಂತದ ಎಣಿಕೆ
(ಸೋಮನಹಳ್ಳಿಯಲ್ಲಿ ಮಾಡಿದ ಉಪನ್ಯಾಸ)

ಮಹೋತ್ಸವದ ದಿನ ಗಣಿತವೇಕೆಂದು ಕೆಲವರಿಗೆ ತೋರಬಹುದು. ಆದರೆ ಹಿಂದೊಮ್ಮೆ ಮದ್ದೂರು ಸೀಮೆಯ ಇದೇ ಸೋಮನಹಳ್ಳಿಯಲ್ಲಿ ನಾನಾಡಿದ ಮಾತೊಂದನ್ನು ತಿದ್ದಬೇಕಾಗಿದೆ. ಆಡಿದ ಸ್ಥಳದಲ್ಲಿಯೇ ತಿದ್ದುವುದು ಯುಕ್ತವೆಂದು ಬಗೆದಿರುವೆನು.

ಅಂದು ನಾನು ಹೇಳಿದುದಿಷ್ಟು: ಅನಂತಗಳಲ್ಲಿಯೂ ಹಿರಿದು ಕಿರಿದು ಉಂಟೆಂಬುದನ್ನು ಜರ್ಮನಿಯ ಕ್ಯಾಂಟರ್ ಪಂಡಿತನಿಗಿಂತ ಸಾವಿರ ವರ್ಷ ಮೊದಲೇ ನಮ್ಮ ನಾಡಿನವರು ಸಾಧಿಸಿ ತೋರಿಸಿದ್ದರು. ಸಭೆಯು ಸಂತೋಷದಿಂದ ಚಪ್ಪಾಳೆ ತಟ್ಟಿತು. ನಾನೂ ಹಿಗ್ಗಿದೆನು.

ನನ್ನ ಮಾತಿಗೆ ಆಧಾರವಿಲ್ಲದೆ ಇರಲಿಲ್ಲ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಎಂಬ ಟೀಕೆಯು 816ರಲ್ಲಿ, ಎಂದರೆ ನೃಪತುಂಗನ ಆಳಿಕೆಯ ಆದಿಭಾಗದಲ್ಲಿ, ಮುಗಿಯಿತೆಂದು ಸಾಮಾನ್ಯವಾಗಿ ಎಣಿಸುವರು. ಅದರ ಓಲೆಗರಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯಲ್ಲಿ ಉಳಿದು, 1939ರಿಂದೀಚೆಗೆ ಅಚ್ಚಾಗಿ ಹೊರಬಂದುವು. ಜೈನರು ಸಂಖ್ಯಾತವನ್ನು ಮೂರಾಗಿಯೂ ಅಸಂಖ್ಯಾತವನ್ನು ಒಂಬತ್ತಾಗಿಯೂ ಅನಂತವನ್ನು ಒಂಬತ್ತಾಗಿಯೂ ವಿಭಾಗಿಸಿ, ಒಟ್ಟು 21 ಬಗೆಗಳನ್ನು ಹೇಳುವರು. ವೀರಸೇನರ ಒಂದು ಯುಕ್ತಿಯಂತೂ ಅತ್ಯಂತ ಮನೋಹರವಾದುದು. ಜೀವಗಳದೊಂದು ರಾಶಿ, ಕಾಲದ ಅತಿಸೂಕ್ಷ್ಮಾಂಶಗಳಾದ ಸಮಯಗಳದೊಂದು ರಾಶಿ. ಇದರಿಂದೊಂದು, ಅದರಿಂದೊಂದು ತೆಗೆಯುತ್ತ ಹೋದರೆ ಸಮಯಗಳು ತೀರುವುವು, ಜೀವಗಳು ತೀರವು. ಆದುದರಿಂದ ಜೀವರಾಶಿಯೇ ಹಿರಿದು!

ಅಂದು ಪಂಕ್ತಿಗೆ ಎಲೆ ಹಾಕುತ್ತಿದ್ದ ಪಾಠಶಾಲೆಯ ಹುಡುಗನೊಬ್ಬನು ನನ್ನನ್ನು ತಡೆದು ಕೇಳಿದನು: “ಗುರುಗಳೇ, ಊಟಕ್ಕೆ ಬಂದವರೂ ಎಲೆಗಳೂ ಕೊನೆಯಿಲ್ಲದಷ್ಟು ಇವೆಯೆನ್ನೋಣ. ಮೊದಲನೆಯವರು ಎರಡನೆಯ ಎಲೆಗೆ, ಎರಡನೆಯವರು ಮೂರನೆಯದಕ್ಕೆ, ಹೀಗೆಯೇ ಕುಳಿತರೆ ಮೊದಲನೆಯ ಎಲೆ ಉಳಿಯಿತು. ಎಲೆಯೇ ಹೆಚ್ಚಾಯಿತೇ? ಎಲ್ಲರೂ ಒಂದೊಂದು ಎಲೆ ಹಿಂದಕ್ಕೆ ಸರಿದರೆ ಏನೂ ಉಳಿಯದಲ್ಲ?”

ನಾನು ನಿರುತ್ತರನಾದೆನು. ಪರಿಮಿತವಾದ ಪಂಕ್ತಿಯಲ್ಲಿ ಎಲೆ ಉಳಿದರೆ ಎಲೆಯೇ ಹೆಚ್ಚು, ಸಂಶಯವಿಲ್ಲ. ಅನಂತದಲ್ಲಿಯಾದರೋ ಒಂದು ಜೋಡಣೆಯಲ್ಲಿ ಶೇಷವುಳಿದ ಮಾತ್ರಕ್ಕೆ ಹೆಚ್ಚೆನ್ನಲಾಗದು. ಯಾವ ಜೋಡಣೆಯಿಂದಲೂ ಸರಿಹೊಂದದೆಂದು ತೋರಿಸಬೇಕು. ಇಟಲಿಯ ಗೆಲಿಲಿಯೋ 1638ರಲ್ಲಿ ಈ ತೊಡಕನ್ನು ಕಂಡು, ಅನಂತಗಳಿಗೆ ಹೆಚ್ಚುಕಡಿಮೆಯ ಮಾತೇ ಸಲ್ಲದೆಂದು ಬಿಟ್ಟನು. ಬಿಡದವನು ಕ್ಯಾಂಟರನು.

1891ರಲ್ಲಿ ಅವನು ಕೊಟ್ಟ ಪ್ರಮಾಣವನ್ನು ದೀಪಗಳಿಂದ ಹೇಳುವೆನು. ಒಂದೊಂದು ಸಾಲಿನಲ್ಲಿಯೂ ಕೊನೆಯಿಲ್ಲದಷ್ಟು ದೀಪಗಳು. ಕೆಲವು ಉರಿಯುತ್ತಿವೆ, ಕೆಲವು ಆರಿವೆ. ಇಂತಹ ಸಕಲ ಸಾಲುಗಳಿಗೂ 1, 2, 3 ಎಂದು ಅಂಕೆಯಿಟ್ಟು ಮುಗಿಸಿದೆನೆಂದು ಒಬ್ಬನು ಹೇಳಲಿ. ನಾವೊಂದು ಹೊಸ ಸಾಲು ಹಚ್ಚುವೆವು. ಅವನ ಮೊದಲ ಸಾಲಿನ ಮೊದಲ ದೀಪ ಉರಿದಿದ್ದರೆ ನಮ್ಮ ಮೊದಲ ದೀಪವನ್ನು ಆರಿಸುವೆವು, ಆರಿದ್ದರೆ ಹಚ್ಚುವೆವು. ಎರಡನೆಯ ಸಾಲಿನ ಎರಡನೆಯ ದೀಪಕ್ಕೂ ಹಾಗೆಯೇ, ಮುಂದೆಯೂ ಹಾಗೆಯೇ. ನಮ್ಮ ಸಾಲು ಅವನ ಪ್ರತಿಯೊಂದು ಸಾಲಿಗಿಂತಲೂ ಒಂದು ದೀಪದಲ್ಲಾದರೂ ಬೇರೆಯಾಯಿತು. ಅವನು ಹೇಗೆಯೇ ಅಂಕೆಯಿಟ್ಟಿರಲಿ, ಒಂದು ಸಾಲು ಹೊರಗುಳಿದೇ ಉಳಿಯುವುದು. ಇದು ಸಾಧನೆ. ವೀರಸೇನರಲ್ಲಿ ಪ್ರಶ್ನೆಯುಂಟು, ಜೋಡಿಸಿ ನೋಡುವ ಉಪಾಯವುಂಟು, ಈ ಸಾಧನೆಯಿಲ್ಲ. ಇಲ್ಲದುದನ್ನು ಅವರ ಮೇಲೆ ಹೊರಿಸಿದುದು ಅವರಿಗೆ ಮಾಡಿದ ಗೌರವವಲ್ಲ.

ಈ ದೀಪಸಾಲುಗಳೆಷ್ಟೋ ಗೆರೆಯೊಂದರ ಮೇಲಿನ ಬಿಂದುಗಳೂ ಅಷ್ಟೇ. ಮುಂದೆ ಟೊಪಾಲಜಿ ಎಂಬ ಶಾಸ್ತ್ರವು, ಸಾಮೀಪ್ಯವನ್ನಷ್ಟೇ ಬಲ್ಲ ಒಂದು ಪ್ರದೇಶದಲ್ಲಿ ಬಿಂದುಗಳು ಎಷ್ಟಿರಬಹುದೆಂದು ವಿಚಾರಿಸಿತು. ಬಿಂದುಬಿಂದುವಿನ ನೆರೆಗಳನ್ನು 1, 2, 3 ಎಂದು ಎಣಿಸುವಂತಿರಬೇಕು. ಬೇರೆಬೇರೆ ಬಿಂದುಗಳನ್ನು ಒಂದಕ್ಕೊಂದು ತಗಲದ ನೆರೆಗಳಲ್ಲಿ ಬೇರ್ಪಡಿಸುವಂತಿರಬೇಕು. ಎಂತಹ ನೆರೆಗಳಿಂದ ಇಡೀ ಪ್ರದೇಶವನ್ನು ಮುಚ್ಚಿದರೂ ಅವುಗಳಲ್ಲಿ ಪರಿಮಿತವಾದ ಕೆಲವೇ ಮುಚ್ಚಲು ಸಾಲಬೇಕು. ಹೀಗಿದ್ದರೆ ಬಿಂದುಗಳು ದೀಪಸಾಲುಗಳ ಸಂಖ್ಯೆಯನ್ನು ಮೀರಲಾರವೇ? 1920ರ ದಶಕದಲ್ಲಿ ಅಲೆಕ್ಸಾಂಡ್ರೋಫ್, ಉರಿಸೋನ್ ಎಂಬವರು ಎತ್ತಿದ ಈ ಪ್ರಶ್ನೆಗೆ ‘ಮೀರಲಾರವು’ ಎಂದು 1969ರಲ್ಲಿ ರಷ್ಯದ ಆರ್ಖಾಂಗೆಲ್‌ಸ್ಕಿ ಸಾಧಿಸಿದನು. ಆ ಪ್ರಮಾಣವನ್ನು ಈಗ ಕಾಲೇಜಿನಲ್ಲಿ ಓದುತ್ತಿರುವ ಅದೇ ಹುಡುಗನಿಂದ ಪಾಠ ಹೇಳಿಸಿಕೊಳ್ಳುತ್ತಿರುವೆನು; ಇನ್ನೂ ಅರ್ಧ ಮುಗಿದಿಲ್ಲ.