ದೇಹವೂ ಒಂದು ಅಮಾನತ್: ಆಹಾರ, ವ್ಯಾಯಾಮ ಮತ್ತು ನಮ್ಮ ಯುವಕರು

(ಜುಮಾ ಖುತ್ಬಾದ ಸಾರಾಂಶ)

ಸರ್ವ ಸ್ತುತಿಯೂ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ ಇರಲಿ.



ಇಶಾ ನಮಾಝ್ ಮುಗಿದ ಮೇಲೆ ನಮ್ಮ ಮೊಹಲ್ಲಾದ ಅನೇಕ ಯುವಕರು ಮಸೀದಿಯಿಂದ ನೇರವಾಗಿ ಜಿಮ್‌ಗೆ ಹೋಗುತ್ತಾರೆ. ಇದು ನಮಗೆ ಸಂತೋಷದ ವಿಷಯ. ಕಟ್ಟೆಯ ಮೇಲೆ ಕುಳಿತು ಗುಟ್ಕಾ ಅಗಿಯುವುದಕ್ಕಿಂತ ಬೆವರು ಸುರಿಸುವುದು ಎಷ್ಟೋ ಮೇಲು. ವಿಶ್ವಾಸಿಯ ಬಲವನ್ನು ಪ್ರವಾದಿ(ಸ)ರು ಮೆಚ್ಚಿ ಮಾತನಾಡಿದ್ದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ.

ನಮ್ಮ ಹಿರಿಯರಿಗೂ ಇದು ಹೊಸತಲ್ಲ. ಗರಡಿಮನೆಗೆ ತಾಲೀಮು ಎಂಬ ಹೆಸರೂ ಇದೆ. ತಅಲೀಮ್ ಎಂದರೆ ಅರಬಿಯಲ್ಲಿ ಶಿಕ್ಷಣ. ಅಲ್ಲಿ ಬಲದ ಜೊತೆಗೆ ಉಸ್ತಾದರ ಶಿಸ್ತು ಇತ್ತು, ವರ್ಷಗಟ್ಟಲೆಯ ಸಬರ್ ಇತ್ತು. ಇಂದು ಉಪಕರಣಗಳು ಹೆಚ್ಚಿವೆ, ಸಬರ್ ಕಡಿಮೆಯಾಗಿದೆ. ಅದಕ್ಕಾಗಿಯೇ ಈ ಜುಮಾದಲ್ಲಿ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಕೆಲವು ದಿನಗಳ ಹಿಂದೆ ಒಬ್ಬ ತಾಯಿ ನಮ್ಮ ಬಳಿ ಬಂದರು. ಮಗನ ಕಪಾಟಿನಲ್ಲಿ ಸಿರಿಂಜು, ಸಣ್ಣ ಬಾಟಲಿಗಳು ಸಿಕ್ಕಿದ್ದವು. ನಶೆಯ ಚಟವೆಂದು ಹೆದರಿ ಕೇಳಿದಾಗ, ಮದುವೆಗೆ ಮುಂಚೆ ಮೈ ಕಟ್ಟಿಕೊಳ್ಳಲು ತೆಗೆದುಕೊಳ್ಳುವ ಇಂಜೆಕ್ಷನ್ ಎಂದು ಮಗ ಹೇಳಿದನಂತೆ. ಆ ತಾಯಿ ನಿಟ್ಟುಸಿರು ಬಿಟ್ಟು ನಮ್ಮನ್ನು ಕೇಳಿದರು: "ನಶೆ ಅಲ್ಲವಲ್ಲ ಹಝ್ರತ್, ಮೈಗೆ ಒಳ್ಳೆಯದಕ್ಕೇ ತಾನೆ?"

ಸಹೋದರರೇ, ಅದು ಮೈಗೆ ಒಳ್ಳೆಯದಲ್ಲ. ಆ ಬಾಟಲಿಗಳಲ್ಲಿರುವುದು ಸ್ಟೀರಾಯ್ಡ್, ಅಂದರೆ ಪುರುಷ ಹಾರ್ಮೋನ್ ಅಥವಾ ಅದನ್ನೇ ಹೋಲುವ ಔಷಧಿ. ಕೆಲವು ಕಾಯಿಲೆಗಳಿಗೆ ವೈದ್ಯರು ಅಳೆದು ಕೊಡುವ ವಸ್ತು ಅದು. ಹೊರಗಿನಿಂದ ಹಾರ್ಮೋನ್ ಸುರಿದಾಗ ದೇಹ ತಾನು ತಯಾರಿಸುವುದನ್ನು ನಿಲ್ಲಿಸುತ್ತದೆ. ವೀರ್ಯಾಣುಗಳ ಸಂಖ್ಯೆ ಕುಸಿಯುತ್ತದೆ. ಕೆಲವರಿಗೆ ಎದೆ ಹೆಂಗಸರಂತೆ ಉಬ್ಬುತ್ತದೆ. ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಮದುವೆಗೆಂದು ಚುಚ್ಚಿಕೊಂಡದ್ದು ಮಕ್ಕಳ ಭಾಗ್ಯಕ್ಕೇ ಅಡ್ಡಿಯಾಗಬಹುದು. ದೇಹ ನಮಗೆ ಅಲ್ಲಾಹನು ಕೊಟ್ಟ ಅಮಾನತ್. ಅಮಾನತ್ತನ್ನು ಹೀಗೆ ಜೂಜಿಗೆ ಇಡಲು ನಮಗೆ ಹಕ್ಕಿಲ್ಲ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ನಾಚಿಕೆ ಬಿಟ್ಟು ವೈದ್ಯರಿಗೆ ಎಲ್ಲವನ್ನೂ ಹೇಳಿ. ತಂದೆ ತಾಯಂದಿರು ಮಗನನ್ನು ಗದರಿಸಿ ಮನೆಯಿಂದ ಹೊರಗೆ ಹಾಕಬೇಡಿ. ಜೊತೆಯಲ್ಲಿ ಕರೆದುಕೊಂಡು ವೈದ್ಯರ ಬಳಿ ಹೋಗಿ.

ಹಾಗಾದರೆ ಸರಿಯಾದ ದಾರಿ ಯಾವುದು? ಅದಕ್ಕೆ ಮೂರು ಆಧಾರಗಳಿವೆ: ದುಡಿಮೆ, ಆಹಾರ, ವಿಶ್ರಾಂತಿ. ಒಂದು ತಪ್ಪಿದರೂ ಉಳಿದೆರಡು ನಿಲ್ಲುವುದಿಲ್ಲ.

ಮೊದಲನೆಯದು ದುಡಿಮೆ. ಸ್ನಾಯು ತನ್ನ ರೂಢಿಗಿಂತ ಸ್ವಲ್ಪ ಹೆಚ್ಚಿನ ಭಾರ ಎತ್ತಿದಾಗ ಮಾತ್ರ ಬೆಳೆಯುತ್ತದೆ. ಹೊಸಬರಿಗೆ ವಾರಕ್ಕೆ 3 ದಿನ ಸಾಕು. ಕೂತೇಳುವುದು, ನೆಲದಿಂದ ಎತ್ತುವುದು, ತಳ್ಳುವುದು, ಎಳೆಯುವುದು, ಈ ನಾಲ್ಕರಲ್ಲಿ ಇಡೀ ದೇಹ ಬಂದುಬಿಡುತ್ತದೆ. 8ರಿಂದ 12 ಬಾರಿ ಸರಿಯಾದ ಭಂಗಿಯಲ್ಲಿ ಎತ್ತಲಾಗುವಷ್ಟು ಭಾರದಿಂದ ಆರಂಭಿಸಿ. ಅದು ಹಗುರವೆನಿಸಿದಾಗ ಸ್ವಲ್ಪ ಏರಿಸಿ. ಪಕ್ಕದವನು ಎಷ್ಟು ಎತ್ತುತ್ತಾನೆಂದು ನೋಡಿ ಎತ್ತಿದವರು ಸೊಂಟ ಹಿಡಿದುಕೊಂಡು ಮನೆಗೆ ಬರುತ್ತಾರೆ.

ಎರಡನೆಯದು ಆಹಾರ. ಸ್ನಾಯು ಕಟ್ಟುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ತೂಕದ ಯುವಕನಿಗೆ 96 ಗ್ರಾಂ ಆಯಿತು. ಇದಕ್ಕೆ ಸಾವಿರಾರು ರೂಪಾಯಿಯ ಪೌಡರ್ ಡಬ್ಬಿಯೇ ಬೇಕೆಂದಿಲ್ಲ. ಲೆಕ್ಕ ಹಾಕಿ ನೋಡೋಣ: 3 ಮೊಟ್ಟೆಯಲ್ಲಿ 18 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ 8, ಬೇಯಿಸಿದ 150 ಗ್ರಾಂ ಕೋಳಿ ಮಾಂಸದಲ್ಲಿ 38ರಷ್ಟು, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ 9, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7, ಎರಡು ಸಣ್ಣ ಬಟ್ಟಲು ಮೊಸರಿನಲ್ಲಿ 6, ನಾಲ್ಕು ಚಪಾತಿಯಲ್ಲಿ 12. ಒಟ್ಟು 98. ಎಲ್ಲವೂ ನಮ್ಮ ತಾಯಂದಿರ ಅಡುಗೆಮನೆಯಲ್ಲಿ ಇರುವಂಥದ್ದೇ. ಮಾಂಸ ಕೊಳ್ಳಲಾಗದ ದಿನ ಹುರುಳಿಕಾಳು, ಕಡಲೆ, ಸೋಯಾ ಇವೆ. ಮಗನ ಪೌಡರಿಗಾಗಿ ತಂಗಿಯ ಕಾಲೇಜು ಫೀಸು ತಡವಾಗುವುದು ಬೇಡ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಇನ್ನು ಬೊಜ್ಜಿನ ಮಾತು. ಹೊಟ್ಟೆಯ ವ್ಯಾಯಾಮ ಮಾಡಿದ ಮಾತ್ರಕ್ಕೆ ಹೊಟ್ಟೆಯ ಕೊಬ್ಬೇ ಕರಗುವುದಿಲ್ಲ. ಖರ್ಚಿಗಿಂತ ಸ್ವಲ್ಪ ಕಡಿಮೆ ತಿಂದಾಗ ಇಡೀ ದೇಹದ ಕೊಬ್ಬು ನಿಧಾನವಾಗಿ ಇಳಿಯುತ್ತದೆ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಉಪವಾಸ ಕೆಡವಿಕೊಂಡು ಒಂದೇ ತಿಂಗಳಲ್ಲಿ 10 ಕಿಲೋ ಇಳಿಸಲು ಹೊರಟರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಎಲ್ಲಿ ಕಡಿಮೆ ಮಾಡಬೇಕು? ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ. ದಿನಕ್ಕೆ ಐದು ಚಹಾ, ಪ್ರತಿಯೊಂದಕ್ಕೂ ಎರಡು ಟೀ ಚಮಚ ಸಕ್ಕರೆ ಎಂದರೆ 40 ಗ್ರಾಂ ಸಕ್ಕರೆ. ವಲೀಮಾದ ಬಿರಿಯಾನಿ ಹರಾಮಲ್ಲ. ಎರಡನೇ ತಟ್ಟೆಯ ಬಗ್ಗೆ ಯೋಚಿಸಿ. ಹೊಟ್ಟೆಯಲ್ಲಿ ಆಹಾರಕ್ಕೆ, ನೀರಿಗೆ, ಉಸಿರಿಗೆ ಸಮನಾಗಿ ಜಾಗ ಬಿಡುವ ಪಾಠ ನಮಗೆ ಹದೀಸ್‌ನಿಂದ ಸಿಕ್ಕಿದೆ. ಅದನ್ನು ಪಾಲಿಸಿದರೆ ಬೊಜ್ಜಿನ ಅರ್ಧ ಲೆಕ್ಕ ಅಲ್ಲೇ ಮುಗಿಯುತ್ತದೆ.

ಹೊಸದಾಗಿ ಆರಂಭಿಸಿದವರಿಗೆ, ಬೊಜ್ಜು ಇರುವವರಿಗೆ ಒಂದು ಶುಭವಾರ್ತೆ: ಪ್ರೋಟೀನ್ ಸಾಕಷ್ಟು ತಿಂದು ಭಾರ ಎತ್ತಿದರೆ ಕೊಬ್ಬು ಇಳಿಯುವುದೂ ಸ್ನಾಯು ಬೆಳೆಯುವುದೂ ಒಟ್ಟಿಗೇ ನಡೆಯಬಹುದು. ಆಗ ತೂಕದ ಯಂತ್ರದ ಮುಳ್ಳು ಅಲುಗದೆ ಇರಬಹುದು. ನಿರಾಶರಾಗಬೇಡಿ, ಪ್ಯಾಂಟಿನ ಸೊಂಟವನ್ನು ನೋಡಿ.

ಮೂರನೆಯದು ವಿಶ್ರಾಂತಿ. ಸ್ನಾಯು ಬೆಳೆಯುವುದು ಭಾರ ಎತ್ತುವಾಗಲ್ಲ, ಆಮೇಲೆ ಉಣ್ಣುವಾಗ ಮತ್ತು ಮಲಗಿದಾಗ. 7 ಗಂಟೆಯಾದರೂ ನಿದ್ರೆ ಬೇಕು. ರಾತ್ರಿ 2ರವರೆಗೆ ಮೊಬೈಲ್ ನೋಡಿದವನಿಗೆ ಫಜ್ರೂ ತಪ್ಪುತ್ತದೆ, ಮೈಯೂ ಕಟ್ಟುವುದಿಲ್ಲ. ರಮಝಾನ್‌ನಲ್ಲಿ ಭಾರ ಎತ್ತುವವರು ಇಫ್ತಾರ್ ನಂತರ ಎತ್ತಿ, ನೀರನ್ನು ಸಹರಿಯವರೆಗೆ ಹಂಚಿಕೊಂಡು ಕುಡಿಯಿರಿ. ಆ ತಿಂಗಳು ಇರುವ ಬಲವನ್ನು ಉಳಿಸಿಕೊಂಡರೆ ಸಾಕು.

ಇದು ಯುವಕರ ವಿಷಯ ಮಾತ್ರ ಎಂದು ಹಿರಿಯರು ಭಾವಿಸಬಾರದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಊಟದ ನಂತರ ರಕ್ತದ ಸಕ್ಕರೆಯ ಹೆಚ್ಚಿನ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳೇ. ವಯಸ್ಸಾದಂತೆ ಅವು ಸವೆಯುತ್ತವೆ. ಸುಜೂದ್‌ನಿಂದ ಏಳಲು ಕೈ ಊರುವವರು, ಕುರ್ಚಿ ಹಿಡಿದು ನಮಾಝ್ ಮಾಡುವವರು ನಮ್ಮ ಸಫ್‌ಗಳಲ್ಲಿ ಹೆಚ್ಚುತ್ತಿದ್ದಾರೆ. ವೈದ್ಯರನ್ನು ಕೇಳಿ ಕುರ್ಚಿಯಿಂದ ಕೂತೇಳುವುದನ್ನಾದರೂ ವಾರಕ್ಕೆ ಎರಡು ದಿನ ಮಾಡಿ.

ಸಹೋದರಿಯರಿಗೂ ಇದು ಅಷ್ಟೇ ಅಗತ್ಯ. ಪ್ರವಾದಿ(ಸ)ರು ಹಝ್ರತ್ ಆಯಿಶಾ(ರ)ರ ಜೊತೆ ಓಟದ ಪಂದ್ಯ ಆಡಿದ್ದರು. ಮೊದಲ ಸಲ ಆಯಿಶಾ ಗೆದ್ದರು, ಮೈ ತುಂಬಿಕೊಂಡ ಮೇಲೆ ಇನ್ನೊಂದು ಸಲ ಪ್ರವಾದಿ(ಸ)ರು ಗೆದ್ದರು. ಮನೆಯ ಒಳಗೆ ಎರಡು ನೀರಿನ ಬಾಟಲಿ ಹಿಡಿದು ವ್ಯಾಯಾಮ ಮಾಡುವ ಹೆಂಡತಿಯನ್ನು ನೋಡಿ ನಗುವ ಗಂಡಂದಿರು ಈ ಘಟನೆಯನ್ನು ನೆನಪಿಡಲಿ. ಮೂಳೆ ಸವೆತ ತಡೆಯಲು ಭಾರ ಎತ್ತುವುದು ಹೆಂಗಸರಿಗೆ ಬಹಳ ಒಳ್ಳೆಯದು. ಮೊಟ್ಟೆ, ಮಾಂಸ ಗಂಡಸರ ತಟ್ಟೆಗೆ ಬಿದ್ದು, ಉಳಿದ ಸಾರು ಹೆಂಗಸರಿಗೆ ಎನ್ನುವ ಪದ್ಧತಿಯೂ ನಿಲ್ಲಲಿ.

ಕೊನೆಯದಾಗಿ ಯುವಕರಿಗೆ ಒಂದು ಮಾತು. ಬೆಳೆದ ಬಲ ಯಾವುದಕ್ಕೆ? ಕನ್ನಡಿಯ ಮುಂದೆ ನಿಂತು ಫೋಟೋ ತೆಗೆಯುವುದಕ್ಕೆ ಮಾತ್ರವಾದರೆ ಅದು ಬೇಗ ಬೇಸರ ತರಿಸುತ್ತದೆ. ನೆರೆಮನೆಯ ಅಜ್ಜಿಯ ಗ್ಯಾಸ್ ಸಿಲಿಂಡರ್ ಎತ್ತಿಕೊಡಿ, ಮಯ್ಯಿತ್ತಿಗೆ ಹೆಗಲು ಕೊಡಿ, ಅಬ್ಬಾ ಎತ್ತುವ ಮೂಟೆಯನ್ನು ನೀವು ಎತ್ತಿ. ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ: ಜಿಮ್‌ನಲ್ಲಿ ನೀವು ಏನು ತೆಗೆದುಕೊಳ್ಳುತ್ತಿದ್ದೀರೆಂದು ಅಮ್ಮಿಗೆ, ಅಬ್ಬಾಗೆ ತೋರಿಸಿ. ತೋರಿಸಲು ಹಿಂಜರಿಕೆ ಆಗುವಂಥದ್ದನ್ನು ದೇಹಕ್ಕೂ ಸೇರಿಸಬೇಡಿ.

ಅಲ್ಲಾಹನು ನಮಗೆ ಆರೋಗ್ಯವನ್ನೂ, ಅದನ್ನು ಕಾಪಾಡಿಕೊಳ್ಳುವ ಸಬರ್ ಅನ್ನೂ, ಬಲವನ್ನು ಒಳಿತಿಗೆ ಬಳಸುವ ಬುದ್ಧಿಯನ್ನೂ ಕರುಣಿಸಲಿ. ಆಮೀನ್.