ಪರದೇಶದ ಪಾಠ, ಸ್ವದೇಶದ ಸಂಬಳ

ನನ್ನ ಸೋದರಮಾವನವರು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದರು. 1960ರ ದಶಕದಲ್ಲಿ ರಜೆ ಪಡೆದು ಇಥಿಯೋಪಿಯಾಕ್ಕೆ ಹೋಗಿ ಐದು ವರ್ಷ ಪಾಠ ಹೇಳಿ ಬಂದರು. 1941ರಲ್ಲಿ ಇಟಲಿಯ ಹಿಡಿತದಿಂದ ಪಾರಾದ ಆ ದೇಶವು ಶಾಲೆಗಳನ್ನು ಕಟ್ಟಿಕೊಳ್ಳುವಾಗ ಭಾರತದಿಂದ ಬಹು ಮಂದಿ ಉಪಾಧ್ಯಾಯರನ್ನು ಕರೆಸಿಕೊಂಡಿತ್ತು. ಮಾವನವರು ತಿರುಗಿ ಬಂದಾಗ ಮನೆಗೆ ಒಂದು ಟ್ರಾನ್ಸಿಸ್ಟರ್ ರೇಡಿಯೋ ಬಂತು, ಒಂದು ಚೀಲ ಕಾಫಿಬೀಜ ಬಂತು. ಬಾರದೆ ಹೋದದ್ದು ಐದು ವಾರ್ಷಿಕ ಬಡ್ತಿಗಳು. ಅವರ ಕೈಕೆಳಗೆ ಕೆಲಸ ಕಲಿತ ಕಿರಿಯರೊಬ್ಬರು ಈಗ ಅವರಿಗಿಂತ ಹೆಚ್ಚಿನ ಸಂಬಳಕ್ಕೆ ರುಜು ಹಾಕುತ್ತಿದ್ದರು. "ಅಲ್ಲಿ ಇವರೇನು ಕೂತು ಉಂಡರೇ? ಪಾಠವನ್ನೇ ತಾನೇ ಹೇಳಿದ್ದು?" ಎಂದು ನಮ್ಮ ಅತ್ತೆಯವರು ಕೇಳುತ್ತಿದ್ದರು.

ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಛೇರಿಯು ಕೇಳುವ ಪ್ರಶ್ನೆ ಬೇರೆ. ನೀವು ಅಲ್ಲಿ ಏನು ಮಾಡಿದಿರಿ ಎಂದು ಅದು ಕೇಳುವುದಿಲ್ಲ; ಯಾವ ಕಾಗದದ ಮೇಲೆ ಹೋದಿರಿ ಎಂದು ಕೇಳುತ್ತದೆ.

1922ರ ಜನವರಿ 1ರಿಂದ ಜಾರಿಗೆ ಬಂದ ಕೇಂದ್ರ ಸರ್ಕಾರದ ಮೂಲಭೂತ ನಿಯಮಗಳಲ್ಲಿ 26ನೆಯದು ಈ ಬಡ್ತಿಯ ಲೆಕ್ಕವನ್ನು ಹೇಳುತ್ತದೆ. ನಮ್ಮ ರಾಜ್ಯದ 1958ರ ಸೇವಾ ನಿಯಮಾವಳಿಯೂ ಬಹುಮಟ್ಟಿಗೆ ಅದೇ ಜಾಡಿನದು. ಸರ್ಕಾರವೇ ಮಂಜೂರು ಮಾಡಿ ಬೇರೆಯವರ ಕೈಕೆಳಗೆ ಕಳುಹಿಸಿದರೆ ಅದು 'ಅನ್ಯಸೇವೆ'. ಆ ಕಾಲವೆಲ್ಲ ಬಡ್ತಿಗೆ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ 'ಫಾರಿನ್ ಸರ್ವಿಸ್' ಎಂದು ಹೆಸರು. ಆದರೆ ಇದಕ್ಕೆ ಪರದೇಶವೇ ಆಗಬೇಕೆಂದಿಲ್ಲ, ಪಕ್ಕದ ಬೀದಿಯ ಒಂದು ಸಂಸ್ಥೆಯಾದರೂ ಆದೀತು! ಸಂಬಳ ಸರ್ಕಾರದ ಬೊಕ್ಕಸದಿಂದ ಬಾರದಿದ್ದರೆ ಸರಿ. ಹೀಗೆ ಹೋದವರ ಪರವಾಗಿ ರಜಾ ಸಂಬಳಕ್ಕೂ ಪಿಂಚಣಿಗೂ ವಂತಿಗೆ ಕಟ್ಟಬೇಕಾಗುತ್ತದೆ. ಕಟ್ಟುವವರು ಅಲ್ಲಿಯ ಮಾಲೀಕರೋ ನೀವೋ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು.

ಇನ್ನೊಂದು ದಾರಿ, ನಮ್ಮ ಮಾವನವರು ಹಿಡಿದದ್ದು: ಸಂಬಳವಿಲ್ಲದ ಅಸಾಧಾರಣ ರಜೆ. ಅದು ವೈದ್ಯರ ಸರ್ಟಿಫಿಕೇಟಿನ ಮೇಲೆ ಪಡೆದದ್ದಾದರೆ ಬಡ್ತಿಗೆ ಸಲ್ಲುತ್ತದೆ; ಸ್ವಂತ ಕೆಲಸಕ್ಕೆಂದು ಪಡೆದದ್ದಾದರೆ ಸಾಮಾನ್ಯವಾಗಿ ಸಲ್ಲದು. ಅಂದರೆ ಒಂದು ವರ್ಷ ಹಾಸಿಗೆ ಹಿಡಿದವರಿಗೆ ಬಡ್ತಿ ಉಂಟು, ಐದು ವರ್ಷ ಕಪ್ಪುಹಲಗೆಯ ಮುಂದೆ ನಿಂತವರಿಗೆ ಇಲ್ಲ. ರೋಗಿಯ ಮೇಲೆ ನನಗೇನೂ ಹೊಟ್ಟೆಯುರಿಯಿಲ್ಲ. ರಜೆ ಹಾಕಿ ಹೊರಗೆ ದುಡಿದವರಿಗೆಲ್ಲ ಬಡ್ತಿ ಕೊಡುತ್ತ ಹೋದರೆ ಇಲ್ಲಿಯ ಮಕ್ಕಳಿಗೆ ಪಾಠ ಹೇಳಲು ಯಾರು ಉಳಿದಾರು ಎಂಬ ಸರ್ಕಾರದ ಅಂಜಿಕೆಯೂ ಸುಳ್ಳಲ್ಲ. ಆದರೂ ಅಂಗಡಿ ಇಟ್ಟವನನ್ನೂ ಪಾಠ ಹೇಳಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿಗಾಣದು.

ನಷ್ಟ ಎಷ್ಟೆಂದು ನೋಡಿ. 2016ರ ಕೇಂದ್ರ ವೇತನ ಕೋಷ್ಟಕದ ಏಳನೆಯ ಹಂತದಲ್ಲಿ ಮೂಲವೇತನ 44,900 ರೂಪಾಯಿಗೆ ಆರಂಭ. ಐದು ಬಡ್ತಿಗಳಾದರೆ 52,000. ತಿಂಗಳಿಗೆ 7,100 ರೂಪಾಯಿಯ ವ್ಯತ್ಯಾಸ, ತುಟ್ಟಿಭತ್ಯ ಬೇರೆ. ಪರದೇಶದಲ್ಲಿ ಕೂಡಿಟ್ಟ ಹಣ ಒಂದು ದಿನ ಕರಗುತ್ತದೆ; ಈ ಹಿಂದುಳಿಕೆ ನಿವೃತ್ತಿಯವರೆಗೂ ತಿಂಗಳು ತಿಂಗಳೂ ಜೊತೆಗೆ ಬರುತ್ತದೆ. ಆದರೆ ಕಠ್ಮಂಡುವಿನ ಅಥವಾ ಮಾಸ್ಕೋದ ಕೇಂದ್ರೀಯ ವಿದ್ಯಾಲಯಕ್ಕೆ ವರ್ಗವಾಗಿ ಹೋದವರಿಗೆ ಈ ಚಿಂತೆಯೇ ಇಲ್ಲ. ನೆಲ ಪರದೇಶದ್ದಾದರೂ ನೌಕರಿ ಹಳೆಯದೇ.

ಈಗ ಇದರ ಇನ್ನೊಂದು ಮಗ್ಗುಲು. ಅಮೆರಿಕದ ಟೆಕ್ಸಾಸ್ ಸಂಸ್ಥಾನಕ್ಕೆ ಗಂಡನ ಜೊತೆ ಹೋಗಿ ನೆಲೆಸಿದ ಕನ್ನಡದ ಹೆಣ್ಣುಮಗಳೊಬ್ಬಳು ಅಲ್ಲಿಯ ಸಾರ್ವಜನಿಕ ಶಾಲೆಯಲ್ಲಿ ಉಪಾಧ್ಯಾಯಿನಿಯಾದಳೆನ್ನಿ. ಧಾರವಾಡದಲ್ಲಿ ಅವಳು ಪಾಠ ಹೇಳಿದ ವರ್ಷಗಳನ್ನು ಅಲ್ಲಿಯ ಸಂಬಳದ ಮೆಟ್ಟಿಲಿಗೆ ಸೇರಿಸಿಕೊಳ್ಳಲು ನಿಯಮವುಂಟು. ಹಳೆಯ ಶಾಲೆಗೆ ಸರ್ಕಾರದ ಮಾನ್ಯತೆ ಇರಬೇಕು. ವರ್ಷದಲ್ಲಿ ಪೂರ್ಣಾವಧಿಯ 90 ದಿನಗಳಾದರೂ ಕೆಲಸ ಮಾಡಿರಬೇಕು. ತಾರೀಖು, ಹುದ್ದೆ, ದಿನಗಳ ಲೆಕ್ಕ ಬರೆದು ಶಾಲೆಯವರು ಸಹಿ ಮಾಡಿದ ಸೇವಾಪತ್ರ ಬೇಕು. ಇಷ್ಟಿದ್ದರೆ ಧಾರವಾಡದ ಪಾಠ ಡಲ್ಲಾಸಿನಲ್ಲಿ ಸಲ್ಲುತ್ತದೆ. ಅದಿಸ್ ಅಬಾಬದ ಪಾಠ ಧಾರವಾಡದಲ್ಲಿ ಸಲ್ಲಲಿಲ್ಲ!

ನಿಮ್ಮ ಮನೆಯ ಮಗನೋ ಸೊಸೆಯೋ ಇಂಥ ಪ್ರಯಾಣಕ್ಕೆ ಹೊರಟಿದ್ದರೆ, ಟಿಕೆಟ್ಟಿಗೆ ಮುಂಚೆ ಆಜ್ಞಾಪತ್ರವನ್ನು ತರಿಸಿ ಓದಿ. 'ಅನ್ಯಸೇವೆ' ಎಂದಿದೆಯೋ 'ಅಸಾಧಾರಣ ರಜೆ' ಎಂದಿದೆಯೋ ನೋಡಿ. ಎರಡನೆಯದಾಗಿದ್ದರೆ, ಮೊದಲನೆಯದಕ್ಕೆ ಅವಕಾಶವಿದೆಯೇ ಎಂದು ಬರವಣಿಗೆಯಲ್ಲೇ ಕೇಳಿ. ಹಿಂದಿರುಗಿ ಬಂದಮೇಲೆ ರಜೆಯನ್ನು ಸೇವೆಯಾಗಿ ಬದಲಿಸಿಕೊಡಿರೆಂದು ಅರ್ಜಿ ಹಾಕುವುದು ಬಲು ಕಷ್ಟದ ಕೆಲಸ. ಮಾವನವರು ಎಂಟು ವರ್ಷ ಹಾಕಿದರು. ಅಲ್ಲಿಯ ಹೆಡ್‌ಮಾಸ್ಟರರು ಕೊಟ್ಟ ಮೆಚ್ಚುಗೆಯ ಪತ್ರ ಮಾತ್ರ ಅತ್ತೆಯವರ ಟ್ರಂಕಿನಲ್ಲಿ ಕೊನೆಯವರೆಗೂ ಇತ್ತು. ಅದನ್ನು ತೋರಿಸಿ ಎಂದು ಯಾವ ಕಛೇರಿಯೂ ಕೇಳಲಿಲ್ಲ.