ಹುಸಿಯೆರೆಯೂ ಕೂಣಿಯೂ

ಗಾಳ ಹಾಕಿ ಕುಳಿತವನನ್ನು ಕಂಡು, ಕೆಲಸವಿಲ್ಲದವನೆಂದು ನಗುವ ವಾಡಿಕೆ ನಮ್ಮಲ್ಲಿ ಉಂಟು. ಆದರೆ ಈ ವಿನೋದಕ್ಕೆ ರಾಜಮರ್ಯಾದೆ ಇದ್ದ ಕಾಲವೂ ಒಂದಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ. ಮೀನುಗಳ ಜಾತಿ ಯಾವುವು, ಅವುಗಳಿಗೆ ಏನನ್ನು ತಿನ್ನಿಸಿ ಪಳಗಿಸಬೇಕು, ಗಾಳವನ್ನು ಹೇಗೆ ಹಾಕಬೇಕು ಎಂಬುದೆಲ್ಲ ಅಲ್ಲಿ ಬರುತ್ತದೆ. ಇಂದಿನ ಶಿಕಾರಿಪುರ, ಸೊರಬ ತಾಲ್ಲೂಕುಗಳು ಆಗ ಆತನ ರಾಜ್ಯದ ಬನವಾಸಿ ನಾಡಿಗೆ ಸೇರಿದ್ದುವು.

ಮೀನು ತಿನ್ನಬಹುದಾದ ಎರೆ ಒಂದು ಬಗೆ. ತಿನ್ನಲಾಗದೆ, ಹೊಳಪಿನಿಂದಲೂ ಚಲನೆಯಿಂದಲೂ ಮೋಸಗೊಳಿಸುವ ಎರೆ ಇನ್ನೊಂದು. ಇಂಗ್ಲಿಷಿನವರು ಲ್ಯೂರ್ ಎನ್ನುವ ಈ ಎರಡನೆಯದನ್ನು ಹುಸಿಯೆರೆ ಎಂದು ಕರೆಯೋಣ. ಅಮೆರಿಕದ ವರ್ಮಾಂಟಿನ ಬ್ಯುಯೆಲ್ ಎಂಬಾತನ ಚಮಚವೊಂದು ಸರೋವರದಲ್ಲಿ ಬಿದ್ದಾಗ ಮೀನೊಂದು ಅದನ್ನು ಬೆನ್ನಟ್ಟಿತೆಂದೂ, ಅದರಿಂದಲೇ ಚಮಚದೆರೆ ಹುಟ್ಟಿತೆಂದೂ ಕಥೆಯಿದೆ. ಕಥೆ ಹೇಗೋ, 1852ರಲ್ಲಿ ಆತನಿಗೆ ಹಕ್ಕುಪತ್ರ ದೊರೆತದ್ದು ನಿಜ. ಮಿಷಿಗನ್ನಿನ ಹೆಡನ್ ಎಂಬಾತನು ಮರದಲ್ಲಿ ಕಪ್ಪೆಯನ್ನು ಕೆತ್ತಿ ನೀರಿಗೆಸೆದು, ಮುಂದೆ ದೊಡ್ಡ ಕಾರಖಾನೆಯನ್ನೇ ಕಟ್ಟಿದನು. ನಮ್ಮ ಕರಾವಳಿಯಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬವರು 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವನ್ನು ಹೊರಡಿಸಿ, ಇಲ್ಲಿನ ಹೊಳೆಗಳ ಮೀನಿಗೂ ಈ ವಿದ್ಯೆ ಸಲ್ಲುವುದೆಂದು ತೋರಿಸಿದರು.

ಇಂಥ ಹಳೆಯ ಎರೆಗಳನ್ನು ಕೂಡಿಸುವುದು ಈಗ ಪರದೇಶಗಳಲ್ಲಿ ದೊಡ್ಡ ಹವ್ಯಾಸ. ಹ್ಯಾಸ್ಕೆಲ್ ಎಂಬವನ 1859ರ ಹಕ್ಕುಪತ್ರದಂತೆ ಮಾಡಿದ ತಾಮ್ರದ ಮೀನೊಂದು 2003ರ ಹರಾಜಿನಲ್ಲಿ ಒಂದು ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಮೀನಿನ ಹಲ್ಲು ತಾಗದೆ, ಮೂಲ ಪೆಟ್ಟಿಗೆಯಲ್ಲೇ ಉಳಿದ ಎರೆಗೆ ಬೆಲೆ ಹೆಚ್ಚು. ಕೆಲಸ ಮಾಡದೆ ಇದ್ದುದಕ್ಕೇ ಹೆಚ್ಚು ಸಂಬಳ ಬಂದಂತೆ!

ನನಗೂ ಆ ಗೀಳು ಹಿಡಿಯಿತು. ಬೆಂಗಳೂರಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಸಿಕ್ಕ ಹಿತ್ತಾಳೆಯ ಚಮಚದೆರೆಯನ್ನು ಶಿಕಾರಿಪುರದ ಕಡೆಯ ಒಂದು ಹಳ್ಳಿಗೆ ಒಯ್ದು, ಊರವರ ಅಪ್ಪಣೆ ಪಡೆದು ಕೆರೆಯಲ್ಲಿ ಎಸೆದೆನು. ಸಂಜೆಯವರೆಗೆ ಬಂದದ್ದು ಜೊಂಡು, ತಾವರೆಯ ದಂಟು. ಕುಚ್ಚು ಮೀನು ಕೆಸರಿನಲ್ಲಿಯೂ ಜೊಂಡಿನಡಿಯಲ್ಲಿಯೂ ಅಡಗುವ ಪ್ರಾಣಿ. ಮೂರು ಮುಳ್ಳಿನ ಚಮಚ ಅಲ್ಲಿಗೆ ತಲಪುವುದೇ ಇಲ್ಲ. ಏರಿಯ ಮೇಲೆ ನಿಂತಿದ್ದ ಹುಡುಗನೊಬ್ಬ, “ಬ್ಯಾಸ್ಗೇಲಿ ಕೂಣಿ ತಗಂಡು ಬನ್ನಿ ಸಾರ್” ಎಂದನು.

ಕೂಣಿ ಎಂದರೆ ಬಿದಿರಿನ ಸೀಳುಗಳನ್ನು ಗಂಟೆಯ ಆಕಾರದಲ್ಲಿ ಹೆಣೆದ ಬುಟ್ಟಿ. ಕೆಳಗೆ ಅಗಲವಾದ ಬಾಯಿ, ಮೇಲೆ ತೋಳು ತೂರುವಷ್ಟು ಕಂಡಿ. ಬೇಸಗೆಯಲ್ಲಿ ಕೆರೆಯ ನೀರು ಇಳಿದಾಗ ಸೊರಬ, ಸಾಗರ, ಶಿಕಾರಿಪುರದ ಸೀಮೆಯಲ್ಲಿ ಕೆರೆಬೇಟೆ ಗೊತ್ತುಮಾಡುತ್ತಾರೆ. ಕೂಣಿಗೆ ಇಷ್ಟೆಂದು ಊರಿನವರು ಹಣ ಕಟ್ಟಿಸಿಕೊಳ್ಳುತ್ತಾರೆ. ಅದು ದೇವಸ್ಥಾನಕ್ಕೋ ಊರಿನ ಕೆಲಸಕ್ಕೋ ಸಲ್ಲುತ್ತದೆ. ಸೂಚನೆಯಾದೊಡನೆ ನೂರಾರು ಜನ, ಕೆಲವೆಡೆ ಸಾವಿರಾರು ಜನ, ಒಮ್ಮೆಲೇ ಇಳಿಯುತ್ತಾರೆ. ಹೆಜ್ಜೆಗೊಮ್ಮೆ ಕೂಣಿಯನ್ನು ಕೆಸರಿಗೆ ಕುಕ್ಕುವುದು. ಒಳಗೆ ಮೀನು ಸಿಕ್ಕಿದರೆ ಸೀಳಿಗೆ ಬಡಿದ ಪೆಟ್ಟು ಅಂಗೈಗೆ ತಿಳಿಯುತ್ತದೆ. ಮೇಲಿನ ಕಂಡಿಯಿಂದ ತೋಳನ್ನಿಳಿಸಿ ಹಿಡಿಯುವುದು. ಇಲ್ಲಿ ಎರೆಯೂ ಇಲ್ಲ, ಹುಸಿಯೂ ಇಲ್ಲ. ಅಸ್ಸಾಮಿನಲ್ಲಿ ಮಾಘದ ಬಿಹು ಹಬ್ಬದ ಕಾಲಕ್ಕೆ ಪೊಲೊ ಎಂಬ ಇಂಥದೇ ಬುಟ್ಟಿ ಹಿಡಿದು ಊರಿಗೆ ಊರೇ ನೀರಿಗಿಳಿಯುವುದುಂಟು. ಕೆರೆಬೇಟೆಯ ಹೆಸರಿನಲ್ಲೇ 2024ರಲ್ಲಿ ಒಂದು ಕನ್ನಡ ಚಲಚ್ಚಿತ್ರವೂ ಬಂದಿತು.

ಸೊರಬದ ಕಡೆಯ ಮುದುಕನೊಬ್ಬನ ಮನೆಯಲ್ಲಿ, ಒಲೆಯ ಮೇಲಣ ಅಟ್ಟದಲ್ಲಿ, ಹೊಗೆ ಕುಡಿದು ಕಪ್ಪಾದ ಒಂದು ಕೂಣಿಯನ್ನು ಕಂಡೆನು. ಬಾಯಿಯ ಅಂಚು ಕುಕ್ಕಿ ಕುಕ್ಕಿ ನುಣುಪಾಗಿತ್ತು. ಬೇಡಿದಷ್ಟು ಬೆಲೆ ಕೊಡುವೆನೆಂದೆ. ಅವನು ಒಪ್ಪಲಿಲ್ಲ. “ಗ್ವಾಡಿಗೆ ನೇತಾಕದಾದ್ರೆ ಹೊಸದು ಮಾಡ್ಕೊಡ್ತೀನಿ, ಮೇಷ್ಟ್ರೇ. ಹಳೇದು ಮೀನಿಗೆ ಬೇಕು.”

ಹೊಸದು ಬಂದಿತು. ಹಾಲುಬಣ್ಣದ ಆ ಚೆಲುವಾದ ವಸ್ತುವನ್ನು ನಡುಮನೆಯ ಗೋಡೆಗೆ ತೂಗುಹಾಕಿ, ಬಂದವರಿಗೆಲ್ಲ ತೋರಿಸಿದೆನು. ಮೂರನೆಯ ವರ್ಷ ಅದರ ಕೆಳಗೆ ಹಿಟ್ಟಿನಂಥ ಪುಡಿ ಬೀಳತೊಡಗಿತು. ನನ್ನ ಮನೆಯವರು ದಿನವೂ ಗುಡಿಸಿದರು, ಆಮೇಲೆ ಗುಡಿಸುವುದನ್ನು ಬಿಟ್ಟು ನನ್ನನ್ನು ನೋಡತೊಡಗಿದರು. ಬಿದಿರಿನಲ್ಲಿ ಪಿಷ್ಟವಿದೆ, ಅದಕ್ಕಾಗಿಯೇ ಕೊರೆಯುವ ಹುಳುಗಳು ಬರುತ್ತವೆ. ನೀರಿನಲ್ಲಿ ನೆನೆದ ಬಿದಿರಿನಿಂದ ಆ ಪಿಷ್ಟ ಬಹುಮಟ್ಟಿಗೆ ತೊಳೆದುಹೋಗುತ್ತದೆ. ಒಲೆಯ ಹೊಗೆಯೂ ಹುಳುವನ್ನು ದೂರವಿಡುತ್ತದೆ. ಮುದುಕನ ಕೂಣಿ ವರ್ಷವರ್ಷವೂ ಕೆರೆಗಿಳಿದು ಅಟ್ಟಕ್ಕೇರುತ್ತಿತ್ತು, ಅದರಿಂದಲೇ ಉಳಿದಿತ್ತು. ನನ್ನದನ್ನು ನಾನು ಜೋಪಾನ ಮಾಡಿಯೇ ಕೊಂದಿದ್ದೆನು. ಗಾಜಿನ ಪೆಟ್ಟಿಗೆಯಲ್ಲಿಟ್ಟ ತಾಮ್ರದ ಮೀನಿಗೆ ಈ ಭಯವಿಲ್ಲ. ಬಿದಿರಿಗೆ ಆ ಭಾಗ್ಯವಿಲ್ಲ.

ಇನ್ನೊಂದನ್ನು ಹೆಣೆಸಿಕೊಳ್ಳೋಣವೆಂದು ಕಳೆದ ಬೇಸಗೆಯಲ್ಲಿ ಹೋದೆನು. ಮುದುಕ ಆ ಮಳೆಗಾಲದಲ್ಲೇ ತೀರಿಕೊಂಡಿದ್ದನು. ಮೊಮ್ಮಗನು ಪೇಟೆಯಲ್ಲಿ ಮೋಟಾರು ರಿಪೇರಿಯ ಕೆಲಸದಲ್ಲಿದ್ದಾನೆ. ಕೂಣಿ ಕುಕ್ಕಲು ಬಲ್ಲ, ಹೆಣೆಯಲು ಅರಿಯ. ಅಜ್ಜನ ಕೂಣಿಯ ಎರಡು ಸೀಳು ಮುರಿದಿದ್ದುವು, ತಂತಿಯಿಂದ ಬಿಗಿದಿದ್ದನು. ಮರುದಿನ ಕೆರೆಬೇಟೆಯೆಂದೂ, ನನಗೂ ಒಂದನ್ನು ಎರವಲು ಕೊಡಿಸುವೆನೆಂದೂ ಹೇಳಿದನು. ಪಂಚೆಯನ್ನು ಮೇಲಕ್ಕೆ ಕಟ್ಟಿ ಸೊಂಟದವರೆಗೆ ಇಳಿದೆನು. ಅವನಿಗೆ ಮೊಳದುದ್ದದ ಎರಡು ಕುಚ್ಚು ಮೀನು ದೊರೆತುವು. ನನಗೂ ಒಮ್ಮೆ ಸೀಳಿಗೆ ಏನೋ ಬಡಿಯಿತು. ಹೆದರುತ್ತಲೇ ತೋಳನ್ನಿಳಿಸಿ ತಡಕಿ ಎತ್ತಿದರೆ, ಕಪ್ಪೆ.